ಒಂಬತ್ತೂವರೆ ಅಡಿಯ ಮಹಾದ್ವಾರ

ಕುಂಬ್ರಿಗದ್ದೆ,
ಹೊಸನಗರ ತಾಲ್ಲೂಕು
೨೦-೪-೨೦೨೫

ಪ್ರೀತಿಯ ಅಳಿಯ ಸುನಿಲನಿಗೆ ನಿನ್ನ ಸೀತಾರಾಮ ಮಾವ ಮಾಡುವ ಆಶೀರ್ವಾದಗಳು.

ತೀರ್ಥಹಳ್ಳಿಯಲ್ಲಿ ಎಲ್ಲರೂ ಹೇಗಿದ್ದೀರಿ? ನಿಮ್ಮಮ್ಮ ಮೀನಾಕ್ಷಿಯ ಮೊಣಕಾಲು ನೋವು ಇಳಿಯಿತೇ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನನ್ನ ತಂಗಿ ಕೇಳಿರಲಾರಳು, ನೀನಾದರೂ ಸ್ವಲ್ಪ ಗದರಿಸು. ಶೇಷಪ್ಪ ಭಾವನಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಪೇಪರು ಓದಲು ಆಗುತ್ತಿದೆಯೇ? ನಿನ್ನಕ್ಕ ಯಶಸ್ವಿನಿಯ ಕೂಸಿಗೆ ಹಲ್ಲು ಬಂತೇ? ಇಲ್ಲಿ ನಿಮ್ಮತ್ತೆ ಜಲಜ ಆರೋಗ್ಯವಾಗಿದ್ದಾಳೆ. ನನಗೆ ಬಿ.ಪಿ. ಗುಳಿಗೆ ಒಂದಿದ್ದದ್ದು ಎರಡಾಗಿದೆ, ಅಷ್ಟೇ.

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ನಡುವೆ ನೀನು ಫೋನ್ ಮಾಡಿದಾಗ ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು.

ಅಗ್ನಿಶಾಮಕ ಇಲಾಖೆಯ ಆಯ್ಕೆಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ ಎಂದು ಕೇಳಿ ನಿಮ್ಮತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಶಿವಮೊಗ್ಗ, ಶಿವಮೊಗ್ಗ’ ಎಂದು ಗಂಟಲು ಹರಿದುಕೊಳ್ಳುವ ಏಜೆಂಟನ ಕೆಲಸದಿಂದ ನೀನು ಪಾರಾಗುತ್ತೀಯಲ್ಲ ಎಂದು ನನಗೂ ಸಂತೋಷವಾಯಿತು. ಮೇ ಐದಕ್ಕೆ ಬೆಂಗಳೂರಿನಲ್ಲಿ ತರಬೇತಿಗೆ ಹಾಜರಾಗಬೇಕು, ಆದರೆ ‘ನಿನ್ ಮಾವ ಹೂಂ ಅಂದ್ರೆ ಹೋಗು, ಇಲ್ದಿದ್ರೆ ಹೊಸಲು ದಾಟಬೇಡ’ ಎಂದು ಅಮ್ಮ ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀಯ. ಆಮೇಲೆ ಕಾಗದದ ಅಂಚಿನಲ್ಲಿ, ಕೇಳಲೋ ಬೇಡವೋ ಎನ್ನುವಂತೆ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ. ‘ಮಾವ, ಉಮೇಶ್ ಭಾವ ಅವತ್ತು ನಿಜವಾಗ್ಲೂ ತಡ ಮಾಡಿ ಬಂದ್ನಾ? ಉದಾಸೀನ ಮಾಡಿ ಒಂದು ಜೀವ ತೆಗ್ದ ಅಂತ ಇಲ್ಲಿ ನೆಂಟರೆಲ್ಲ ಮಾತಾಡ್ತಾರೆ. ಅಮ್ಮ ಅದನ್ನೇ ನಂಬಿದಾರೆ.’

ನನ್ನ ಮಗ ತಡ ಮಾಡಲಿಲ್ಲ. ಈ ಒಂದು ಸಾಲು ಬರೆಯಲು ನನಗೆ ಇಪ್ಪತ್ತೆರಡು ದಿನ ಬೇಕಾಯಿತು ನೋಡು.

ಉಮೇಶ ಇದೇ ಅಗ್ನಿಶಾಮಕದ ಕೆಲಸಕ್ಕೆ ಸೇರಿದಾಗ ನೀನಿನ್ನೂ ಶಾಲೆಯಲ್ಲಿದ್ದೆ. ಬೆಂಕಿ ಆರಿಸುವುದೊಂದೇ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು. ಬಾವಿಗೆ ಬಿದ್ದ ದನವನ್ನು ಎತ್ತುವವರೂ ಅವರೇ, ಮಳೆಗಾಲದಲ್ಲಿ ರಸ್ತೆಗೆ ಉರುಳಿದ ಮರ ಕೊಯ್ಯುವವರೂ ಅವರೇ, ಹೊಳೆಯಲ್ಲಿ ಮುಳುಗಿದವರ ಹೆಣ ಹುಡುಕುವವರೂ ಅವರೇ. ಒಮ್ಮೆ ಹಿನ್ನೀರಿನಲ್ಲಿ ಎರಡು ದಿನ ಹುಡುಕಿ ಒಂದು ಕಾಲೇಜು ಹುಡುಗಿಯ ಹೆಣ ತೆಗೆದು ಬಂದವನು ನಮ್ಮ ಮನೆಯಲ್ಲಿ ಒಂದು ವಾರ ಮೀನು ಮುಟ್ಟಲಿಲ್ಲ. ಇಷ್ಟಾದರೂ ಹೆಣ್ಣು ಕೇಳಲು ಹೋದ ಕಡೆ ‘ಪೊಲೀಸಂದ್ರೆ ಕೊಡ್ತಿದ್ವಿ, ಇದು ನೀರು ಹೊಡ್ಯೋ ಕೆಲ್ಸ ಅಲ್ದಾ’ ಎಂದು ಬಾಯಿ ಸೊಟ್ಟ ಮಾಡಿದರು. ಅವನು ನಕ್ಕುಬಿಟ್ಟ. ‘ಬಿಡಿ ಅಪ್ಪಯ್ಯ, ಅವರ ಮನೆ ಬೆಂಕಿಗೂ ನಾವೇ ಹೋಗದು’ ಎಂದ.

ಇನ್ನು ನಮ್ಮೂರ ಬಾಗಿಲಿನ ಕಮಾನಿನ ವಿಷಯ. ನೀನು ನಮ್ಮೂರಿಗೆ ಬರದೆ ನಾಲ್ಕು ವರ್ಷವಾಯಿತು, ನೋಡಿಲ್ಲ. ಹಿಂದೆ ಊರು ಬಾಗಿಲಿನಲ್ಲಿ ಉಣಗೋಲಿತ್ತು, ನೆನಪಿದೆಯಾ? ಎರಡು ಕಂಬ, ನಡುವೆ ಅಡ್ಡ ಹಾಕಿದ ನಾಲ್ಕು ಬಿದಿರು ಗಳ. ಬೇಕೆಂದಾಗ ಸರಿಸಿದರೆ ಏನು ಬೇಕಾದರೂ ಒಳಗೆ ಬರುತ್ತಿತ್ತು. ರಸ್ತೆಗೆ ಡಾಂಬರು ಬಿದ್ದ ಮೇಲೆ ಅದು ನಮಗೆ ನಾಚಿಕೆಯಾಗತೊಡಗಿತು. ನಮ್ಮಪ್ಪ, ಅಂದರೆ ನಿನ್ನ ಅಜ್ಜ ಹುಲಿಯಪ್ಪನವರು, ಗೇಣಿ ಜಮೀನು ಊರವರ ಹೆಸರಿಗೆ ಆಗುವ ತನಕ ಚಪ್ಪಲಿಯಿಲ್ಲದೆ ಕಚೇರಿಗೆ ಅಲೆದವರು. ಅವರ ಹೆಸರಿನಲ್ಲಿ ಮಹಾದ್ವಾರ ಕಟ್ಟಿಸಬೇಕೆಂದು ಊರು ಹೇಳಿತು, ಸಮಿತಿಗೆ ನಾನು ಅಧ್ಯಕ್ಷನಾದೆ. ಆಗ ಮರದ ಲಾರಿಗಳ ಮಾತು ಬಂತು. ಹೊಸ ರಸ್ತೆಯನ್ನು ಅವು ಕಿತ್ತುಹಾಕುತ್ತವೆ, ತಡೆಯುವುದು ಹೇಗೆ? ‘ಕಮಾನು ತಗ್ಗಿಸಿದ್ರೆ ಆಯ್ತಪ್ಪ. ಟ್ರ್ಯಾಕ್ಟರ್ ಬರ್ಲಿ, ಪಿಕಪ್ ಬರ್ಲಿ, ಲಾರಿ ಹೊರಗೇ ನಿಲ್ಲಲಿ’ ಎಂದವನು ನಾನೇ. ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು. ಒಂಬತ್ತೂವರೆ ಅಡಿಗೆ ಕಾಂಕ್ರೀಟಿನ ತೊಲೆ ಕೂರಿಸಿದೆವು.

ಸೆಂಟ್ರಿಂಗ್ ಹೊಡೆಯುವಾಗ ಉಮೇಶ ರಜೆಯ ಮೇಲೆ ಬಂದಿದ್ದ. ತಲೆಯೆತ್ತಿ ನೋಡಿ ಮೇಸ್ತ್ರಿಯ ಟೇಪು ಇಸಿದುಕೊಂಡು ತಾನೇ ಅಳೆದ.

‘ಅಪ್ಪಯ್ಯ, ನಮ್ಮ ಗಾಡಿ ಏಣಿ ಸೇರಿ ಹನ್ನೊಂದಡಿ ಇದೆ. ಇದ್ರೊಳಗೆ ಬರದಿಲ್ಲ.’

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಸುರೇಂದ್ರ ಗಹಗಹಿಸಿ ನಕ್ಕ. ಸುರೇಂದ್ರ ಎಂದರೆ ಕಡೇಮನೆ ಕೆರಿಯಮ್ಮನ ಮಗ, ಉಮೇಶನ ಜೊತೆಗೇ ಓದಿದವನು. ‘ನಿನ್ ಗಾಡಿ ನಮ್ಮೂರಿಗೆ ಎಂತಕ್ಕೆ ಬರ್ಬೇಕಾ ಮಾರಾಯ? ಊರಿಗೆ ಬೆಂಕಿ ಬೀಳ್ಲಿ ಅಂತ ಕಾಯ್ತಾ ಇದೀಯನಾ?’

ಎಲ್ಲರೂ ನಕ್ಕರು. ಅಪಶಕುನ ನುಡಿಯಬೇಡ ಎಂದು ನಾನೂ ಗದರಿದೆ. ಉಮೇಶ ಟೇಪು ಸುತ್ತಿ ಮೇಸ್ತ್ರಿಯ ಕೈಗೆ ಕೊಟ್ಟು ಮನೆ ಕಡೆ ಹೋದ.

ಹೋದ ವರ್ಷ ಮಾರ್ಚಿ ತಿಂಗಳು, ಮಧ್ಯಾಹ್ನದ ಊಟವಾಗಿತ್ತು. ಕೆರಿಯಮ್ಮನ ಬಚ್ಚಲ ಒಲೆಯ ಕಿಡಿ ಕೊಟ್ಟಿಗೆಯಲ್ಲಿ ತುಂಬಿಟ್ಟ ತರಗೆಲೆಗೆ ಹಾರಿತು. ಅಟ್ಟದ ಮೇಲೆ ವರ್ಷದ ಹುಲ್ಲಿತ್ತು. ಸುರೇಂದ್ರ ಸಾಗರಕ್ಕೆ ಹೋಗಿದ್ದ. ನೆಟ್‌ವರ್ಕಿಗಾಗಿ ಶಾಲೆ ದಿಬ್ಬ ಹತ್ತಿ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದವನು ನಾನು. ಆಗ ಎರಡು ಗಂಟೆ ಹತ್ತು ನಿಮಿಷ. ಕಮಾನಿನ ಹೊರಗೆ ಗಾಡಿಯ ಸೈರನ್ ಕೇಳಿದಾಗ ಎರಡು ಮೂವತ್ತಾರು. ಹತ್ತೊಂಬತ್ತು ಕಿಲೋಮೀಟರು, ಅಷ್ಟೂ ತಿರುವು. ಇಪ್ಪತ್ತಾರು ನಿಮಿಷದಲ್ಲಿ ಜೀಪೂ ಬರುವುದಿಲ್ಲ. ಆ ದಿನದ ತಂಡಕ್ಕೆ ಉಮೇಶನೇ ಮುಂದಾಳು.

ಗಾಡಿ ಕಮಾನಿನ ಮುಂದೆ ನಿಂತಿತು.

ಅಲ್ಲಿಂದ ಕೆರಿಯಮ್ಮನ ಮನೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇದ್ದಬದ್ದ ಪೈಪೆಲ್ಲ ಒಂದಕ್ಕೊಂದು ಜೋಡಿಸಿ ಎಳೆದರು. ನೂರು ಮಾರು ಮೊದಲೇ ಪೈಪು ಮುಗಿಯಿತು. ಆಮೇಲೆ ಬಾವಿಯಿಂದ ಕೊಡಪಾನ. ಕೆರಿಯಮ್ಮ ಮೊದಲು ಹೊರಗೇ ಇದ್ದಳು. ಗಬ್ಬದ ಹಸು ಕೂಗುತ್ತಿದೆ ಎಂದು ಯಾರ ಕೈಗೂ ಸಿಕ್ಕದೆ ಒಳಗೆ ನುಗ್ಗಿದಳು. ಉಮೇಶ ಹಿಂದೆಯೇ ಹೋದ. ಅವಳನ್ನು ಎತ್ತಿಕೊಂಡು ಬಂದಾಗ ಅವನ ಎರಡೂ ಮುಂಗೈಯ ಚರ್ಮ ಸುಲಿದಿತ್ತು. ಕೆರಿಯಮ್ಮ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಬೆಂಕಿ ಬಿದ್ದ ದಿನ ಸಂಜೆಯೇ ಸುರೇಂದ್ರ ಬಂದವನು ಉಮೇಶನ ಅಂಗಿ ಹಿಡಿದ. ‘ದಾರೀಲಿ ಚಾ ಕುಡ್ಕಂಡು ಬಂದ್ರನಾ? ನಮ್ಮವ್ವ ಬೇಯೋ ತನಕ ಎಂತ ಮಾಡ್ತಾ ಇದ್ರಿ?’ ಎಂದು ಕೆನ್ನೆಗೆ ಹೊಡೆದ. ಇನ್ನಿಬ್ಬರು ಸೇರಿಕೊಂಡರು. ಉಮೇಶ ಕೈ ಎತ್ತಲಿಲ್ಲ, ಎತ್ತಲು ಆಗುತ್ತಲೂ ಇರಲಿಲ್ಲ. ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿ ಕೂಗಿದ.

‘ಅಪ್ಪಯ್ಯ, ಫೋನ್ ಮಾಡಿದ್ದು ನೀವು. ಎಷ್ಟೊತ್ತಿಗೆ ಬಂದ್ವಿ ಅಂತ ನೀವಾದ್ರೂ ಹೇಳಿ.’

ಅಲ್ಲಿ ಐವತ್ತು ಜನರಿದ್ದರು, ಎಲ್ಲರೂ ನನ್ನನ್ನೇ ನೋಡಿದರು. ಹೇಳಿದರೆ ಮುಂದಿನ ಮಾತು ಕಮಾನಿನದೇ ಎಂದು ನನಗೆ ಗೊತ್ತಿತ್ತು. ನಾನು ಪಂಚೆ ಎತ್ತಿ ಕಟ್ಟಿ, ಅರ್ಧ ಸುಟ್ಟ ಹುಲ್ಲನ್ನು ಕಾಲಿನಿಂದ ಕೆದಕುತ್ತ ನಿಂತೆ.

ವಾರ ಕಳೆದ ಮೇಲೆ ಊರವರ ಅರ್ಜಿ ಹೋಯಿತು. ಗಾಡಿ ಒಂದು ಗಂಟೆ ತಡವಾಗಿ ಬಂದಿದೆ, ತಂಡದ ಮುಂದಾಳಿನ ಮೇಲೆ ಕ್ರಮ ಆಗಬೇಕು ಎಂದು ಅರವತ್ತಮೂರು ಸಹಿ. ತನಿಖೆಗೆ ಬಂದ ಸಾಹೇಬರು ದಾಖಲೆಯಲ್ಲಿದ್ದ ಹೊತ್ತು ನೋಡಿದರು, ಕಮಾನು ಅಳೆದರು, ಏನೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. ಆದರೂ ಉಮೇಶ ತಾನೇ ಕೇಳಿ ಬೀದರಿನ ಕಡೆಗೆ ವರ್ಗ ಮಾಡಿಸಿಕೊಂಡ. ಅಮ್ಮನಿಗೆ ಭಾನುವಾರ ಫೋನ್ ಮಾಡುತ್ತಾನೆ. ನಾನು ಹತ್ತಿರ ಹೋದರೆ ಆ ಕಡೆ ಸುಮ್ಮನಾಗುತ್ತದೆ. ತಪ್ಪಿಲ್ಲ ಎಂದು ಸಾಹೇಬರು ಬರೆದದ್ದು ಇಲ್ಲಿ ಯಾರಿಗೂ ಬೇಕಿಲ್ಲ, ತಡವಾಗಿ ಬಂದರು ಎಂಬ ಮಾತು ಮಾತ್ರ ತೀರ್ಥಹಳ್ಳಿಯ ತನಕ ಬಂದಿದೆ. ಈ ಯುಗಾದಿಗೆ ಕಮಾನಿಗೆ ಹೊಸ ಬಣ್ಣ ಹೊಡೆದರು. ನೋಡಲು ಚೆನ್ನಾಗಿದೆಯಂತೆ. ನಾನು ಈಚೆಗೆ ಗದ್ದೆಯಂಚಿನಲ್ಲಿ ಸುತ್ತಿ ರಸ್ತೆಗೆ ಹೋಗುತ್ತೇನೆ.

ಈಗ ನಿನ್ನ ವಿಷಯ. ನನ್ನ ಉತ್ತರ ಹೂಂ. ಹೋಗು. ಆದರೆ ಪೇಪರಿನಲ್ಲಿ ಬರುವ ಹಾಗೆ ಜನ ಹಾರ ಹಾಕುತ್ತಾರೆ ಎಂದುಕೊಂಡು ಹೋಗಬೇಡ. ನೀನು ಯಾರ ಮನೆಗೆ ನೀರು ಹೊತ್ತುಕೊಂಡು ಹೋಗುತ್ತೀಯೋ ಅವರು ದಾರಿಗೆ ಅಡ್ಡವಾಗಿ ಏನಾದರೂ ಕಟ್ಟಿಕೊಂಡಿರುತ್ತಾರೆ. ಒಬ್ಬ ಗೇಟು ಹಾಕಿರುತ್ತಾನೆ, ಒಬ್ಬ ಅಂಗಡಿ ಮುಂದಕ್ಕೆ ಚಾಚಿರುತ್ತಾನೆ, ನಮ್ಮಂಥವರು ಅಪ್ಪನ ಹೆಸರು ಕೆತ್ತಿಸಿರುತ್ತಾರೆ. ಬೆಂಕಿ ಆರಿದ ಮೇಲೆ ನಿನ್ನನ್ನೇ ಕೇಳುತ್ತಾರೆ, ಯಾಕೆ ತಡ ಎಂದು. ಇದಕ್ಕೆ ಮನಸ್ಸು ಗಟ್ಟಿ ಇದ್ದರೆ ಹೋಗು. ಯಾವ ಊರಿಗೆ ಹೋದರೂ ರಸ್ತೆ ನೋಡಿಕೊಂಡು ಬಾ, ಗಾಡಿ ಹೋಗದ ಕಡೆ ಇದ್ದರೆ ಠಾಣೆಯಲ್ಲಿ ಹೇಳಿ ಬರೆಸಿಡು. ಬಾಯಲ್ಲಿ ಹೇಳಿದರೆ ನಗುತ್ತಾರೆ.

ನಿಮ್ಮಮ್ಮನಿಗೆ ಈ ಕಾಗದ ಓದಿ ಹೇಳು. ಉಮೇಶನ ಮೇಲೆ ಅವಳಿಗಿರುವ ತಪ್ಪು ತಿಳಿವಳಿಕೆ ಹೋಗಲಿ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನೀನು ಹೋದ ಮನೆಯಲ್ಲೆಲ್ಲ ಜೀವ ಉಳಿಯಲಿ, ಡ್ಯೂಟಿ ಮುಗಿಸಿ ದಿನವೂ ಸುಖವಾಗಿ ತಿರುಗಿ ಬಾ ಎಂದು ನಿಮ್ಮತ್ತೆ ಮತ್ತು ನಾನು ಹರಸುತ್ತೇವೆ. ಯಶಸ್ವಿನಿಯ ಕೂಸಿಗೆ ನಮ್ಮ ಮುದ್ದು.

ಇತಿ ನಿನ್ನ ಮಾವ,
ಸೀತಾರಾಮಪ್ಪ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಚುವ ಮೊದಲು ನಿಮ್ಮತ್ತೆಗೆ ಓದಲು ಕೊಟ್ಟೆ. ಅವಳು ಕನ್ನಡಕ ತೆಗೆದು, ‘ಅರ್ಜಿ ಬರ್ದವ್ರು ಯಾರು ಅಂತ ಬರ್ದೇ ಇಲ್ಲಲ್ಲ. ಮೀನಾಕ್ಷಿ ಮನೆಗೆ ಅರ್ಧ ಸುಳ್ಳು ಕಳಿಸ್ಬೇಡಿ’ ಎಂದು ತಿರುಗಿ ಕೊಟ್ಟಳು.

ಬರೆದವನು ನಾನು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು, ಸಾಮಾನು ಕಟ್ಟಿದ ಪೇಪರು ಓದಿ ಅಕ್ಷರ ಕಲಿತವನು ಎಂದು ಊರಿನ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಬರೆಸುತ್ತಾರೆ. ಸುರೇಂದ್ರ ಕೇಶಮುಂಡನ ಮಾಡಿಸಿಕೊಂಡ ತಲೆಯಲ್ಲಿ ಬಂದು, ಅರ್ಜಿ ಬರೆದುಕೊಡಿ ಎಂದು ಜಗಲಿಯ ಮೇಲೆ ಕುಳಿತ. ಗಾಡಿ ತಡವಾಯಿತು ಎಂದು ಬರೆಯದಿದ್ದರೆ ಕಮಾನು ತಗ್ಗು ಎಂದು ಬರೆಯಬೇಕಿತ್ತು. ನಾನು ಮೊದಲನೆಯದನ್ನು ಬರೆದೆ. ಮೊದಲ ಸಹಿಯೂ ನನ್ನದೇ. ಆ ಒಂದು ಗಂಟೆ ನಾನು ಹುಟ್ಟಿಸಿದ್ದು.

ತನಿಖೆಯಲ್ಲಿ ಸಾಹೇಬರು ಅದನ್ನು ಉಮೇಶನ ಕೈಗೆ ಕೊಟ್ಟು ಓದಿಸಿದರಂತೆ. ಆ ದಿನ ಅವನು ಮನೆಗೆ ಬಂದ, ಕೈಗೆ ಇನ್ನೂ ಬ್ಯಾಂಡೇಜು ಇತ್ತು. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು, ‘ಚೆನ್ನಾಗಿ ಬರ್ದಿದೀರಿ ಅಪ್ಪಯ್ಯ’ ಎಂದ. ಅಷ್ಟೇ. ನನ್ನ ಹತ್ತಿರ ಅವನು ಆಡಿದ ಕಡೆಯ ಮಾತು ಅದು.

ಬೀದರಿನ ವಿಳಾಸ ನನಗೆ ಕೊಡಬಾರದು ಎಂದು ಅವನು ಅಮ್ಮನಿಂದ ಮಾತು ತೆಗೆದುಕೊಂಡಿದ್ದಾನೆ. ನಿನ್ನ ಹತ್ತಿರ ಇರಬಹುದು. ನನಗೆ ಕಳಿಸು ಎಂದು ಕೇಳುವ ಮುಖ ನನಗಿಲ್ಲ. ಈ ಕಾಗದವನ್ನೇ ಅವನಿಗೆ ಕಳಿಸು, ಸಾಹೇಬರಿಗೆ ತೋರಿಸಿದರೂ ಸರಿ, ಸುರೇಂದ್ರನಿಗೆ ತೋರಿಸಿದರೂ ಸರಿ, ಸಹಿ ಹಾಕಿದ್ದೇನೆ. ಕಳಿಸಿದೆ ಎಂದೋ, ನಿಮ್ಮಂಥ ಮಾವನ ಕಾಗದ ಮುಟ್ಟುವುದಿಲ್ಲ ಎಂದೋ, ಯಾವುದಾದರೂ ಒಂದು ಸಾಲು ನೀನು ಬೆಂಗಳೂರಿಗೆ ಹೊರಡುವ ಮೊದಲು ಬರೆ. ಬೇಗ ಬರೆ.