ಹುಡುಗಿ ಕಡೆಯ ಅತ್ತೆ

ಫೆಬ್ರವರಿ 9, ಭಾನುವಾರ

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದೆ. ಪೀಠದ ಬಟ್ಟೆ ನಾನೇ ಇಸ್ತ್ರಿ ಮಾಡಿದ್ದು. ಒಂದು ಸುಕ್ಕಿಲ್ಲ. ಈ ಬೇಗೂರಿನಲ್ಲಿ ಇನ್ಯಾರಿಗೆ ಬರುತ್ತದೆ ಹಾಗೆ? ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವಳು. ನನ್ನ ಲೈನಿನ ಪೀಸ್ ವಾಪಸ್ ಬಂತು ಅನ್ನುವ ಮಾತೇ ಇರಲಿಲ್ಲ.

ಪೂಜೆ ಆದ ಮೇಲೆ ಫಾದರ್ ಕರೆದರು. ಜಸಿಂತಾ ವಿಷಯ. ನನ್ನ ಸೊಸೆ — ಕೋರ್ಟಿನ ಪ್ರಕಾರ ಮಾಜಿ. ನನ್ನ ಮಗ ಸ್ಟ್ಯಾನ್ಲಿ ಅವಳನ್ನು ಬಿಟ್ಟ, ಡೈವೋರ್ಸೂ ಆಯಿತು. ಅವನು ಬೆಳ್ಳಂದೂರಿನ ಫ್ಲಾಟ್‌ನಲ್ಲಿ ಆರಾಮಾಗಿದ್ದಾನೆ. ಅವಳಿಗೆ ಈಗ ಒಳ್ಳೆಯ ಹುಡುಗ ಸಿಕ್ಕಿದ್ದಾನೆ. ಆದರೆ ಚರ್ಚಿನಲ್ಲಿ ಮದುವೆ ಆಗುವ ಹಾಗಿಲ್ಲ. ನಮ್ಮಲ್ಲಿ ಕೋರ್ಟು ಬಿಡಿಸಿದರೆ ಬಿಟ್ಟ ಹಾಗಲ್ಲ. ದೇವರ ಮುಂದೆ ಕೊಟ್ಟ ಮಾತು, ಸಾಯುವವರೆಗೂ. ಬಿಷಪ್ಪರ ಕಡೆಯ ನ್ಯಾಯಪೀಠವೂ ಬಿಡಿಸುವುದಿಲ್ಲ. ಅದು ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಅಂತ ರುಜುವಾತಾದರೆ ಮಾತ್ರ ಹಾಗೆಂದು ಹೇಳುತ್ತದೆ, ಅಷ್ಟೇ. ಜಸಿಂತಾ ಅಲ್ಲಿ ಅರ್ಜಿ ಹಾಕಿದ್ದಾಳೆ. ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದಾಳೆ.

ಬಿಟ್ಟವನ ತಾಯಿಯ ಹೆಸರು! ಧೈರ್ಯ ನೋಡು ಅವಳದು.

ಫೆಬ್ರವರಿ 12, ಮಧ್ಯಾಹ್ನ

ಪಕ್ಕದ ಮನೆ ಚಿಕ್ಕಮುನಿಯಮ್ಮ ಕಾಂಪೌಂಡ್ ಮೇಲೆ ಮೊಣಕೈ ಊರಿ ವಿಚಾರಿಸಿದಳು. ಹೇಳಿದೆ.

"ಅಂಗಾದ್ರೆ ಊಟ ಹಾಕ್ಸಿದ್ದು? ನಾನೂ ಬಂದು ಉಂಡಿದ್ನಲ್ಲ, ಅದೂ ಆಗೇ ಇಲ್ವಾ?"

ಊಟ ಆಗಿದೆ, ಮದುವೆಯದ್ದೇ ಅನುಮಾನ ಅಂದೆ. ಇಬ್ಬರೂ ನಕ್ಕೆವು. ಒಳಗೆ ಬಂದ ಮೇಲೆ ನಗು ನಿಂತಿತು.

ಸ್ಟ್ಯಾನ್ಲಿ ಮದುವೆಯ ದಿನದ ಬೆಳಿಗ್ಗೆ ನೆನಪಾಯಿತು. ಕಾರಿನಲ್ಲಿ ನಾವಿಬ್ಬರೇ, ಡ್ರೈವರ್ ಹೂವು ತರಲು ಇಳಿದಿದ್ದ. ಮಗನ ಟೈ ಸರಿ ಮಾಡುತ್ತಿದ್ದೆ. ಆಗ ಅಂದ — "ಎರಡು ವರ್ಷ ನೋಡ್ತೀನಮ್ಮ. ಸೆಟ್ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ. ಪ್ರೊಬೇಷನ್ ಅಂದ್ಕೋ."

ಬೈದೆ. ಅವನು ನಗಲಿಲ್ಲ. ಹೋಗಿ ಪೀಠದ ಮುಂದೆ ನಿಂತು ಸಾಯುವವರೆಗೂ ಅಂದ. ಎರಡು ವರ್ಷಕ್ಕೆ ಸರಿಯಾಗಿ ಬಿಟ್ಟ. ಬಿಡುವಾಗ ಅವಳಿಗೂ ಅದನ್ನೇ ಹೇಳಿದನಂತೆ, ಪ್ರೊಬೇಷನ್ ಮುಗೀತು, ಅಮ್ಮನಿಗೆ ಅವತ್ತೇ ಹೇಳಿದ್ದೆ ಅಂತ. ಬಿಡುವ ಮನಸ್ಸಿಟ್ಟುಕೊಂಡೇ ಮಾತು ಕೊಟ್ಟಿದ್ದರೆ ಅದು ಮದುವೆಯೇ ಅಲ್ಲವಂತೆ. ಅದಕ್ಕೇ ನನ್ನ ಹೆಸರು. ಕೇಳಿಸಿಕೊಂಡವಳು ನಾನೊಬ್ಬಳೇ.

ಫೆಬ್ರವರಿ 23, ಭಾನುವಾರ

ಸ್ಟ್ಯಾನ್ಲಿ ಬಂದಿದ್ದ. ಮಟನ್ ಮಾಡಿದ್ದೆ. ತಟ್ಟೆ ಮುಂದೆ ಕೂತು ಶುರು ಮಾಡಿದ. ತಮಾಷೆಗೆ ಅಂದ ಮಾತು ಅಂತ ಹೇಳಿಬಿಡಬೇಕಂತೆ. ಇಲ್ಲದಿದ್ದರೆ ದೇವರ ಮುಂದೆ ಸುಳ್ಳು ಮಾತು ಕೊಟ್ಟವನು ಅನ್ನುವ ಹೆಸರು ಬರುತ್ತದಂತೆ. ಹೆತ್ತವಳೇ ಮಾನ ತೆಗೆಯುವುದಾ ಅಂತ ಬೇರೆ. ಇವರು ಎಂದಿನ ಹಾಗೆ ಟಿವಿ ಸೌಂಡ್ ಜಾಸ್ತಿ ಮಾಡಿದರು. ಗಂಡಸರು!

"ತಮಾಷೆಗೆ ಅಂದಿದ್ರೆ ಹೋಗಿ ಹೆಂಡ್ತೀನ ಕರ್ಕೊಂಡು ಬಾ. ಹಂಗೇ ಹೇಳ್ತೀನಿ," ಅಂದೆ.

ಅರ್ಧಕ್ಕೇ ಕೈ ತೊಳೆದು ಹೋದ. ನನ್ನ ಮಗ ಅಲ್ಲವಾ... ಅವನಿಗೆ ಇಷ್ಟ ಅಂತಲೇ ಮೂಳೆ ಜಾಸ್ತಿ ಹಾಕಿಸಿಕೊಂಡು ಬಂದಿದ್ದೆ.

ಮಾರ್ಚ್ 4, ಮಂಗಳವಾರ, ಸಂಜೆ

ನ್ಯಾಯಪೀಠದ ಮುಂದೆ ಹೇಳಿ ಬಂದೆ. ಕಾರು, ಟೈ, ಪ್ರೊಬೇಷನ್, ಎಲ್ಲಾ. ಪ್ರಮಾಣ ಮಾಡಿಸಿ, ವಯಸ್ಸಾದ ಫಾದರ್ ಒಬ್ಬರು ನಿಧಾನವಾಗಿ ಕೇಳಿದರು. ಮಗನ ಮೇಲೆ ಸಿಟ್ಟಾ ಅಂದರು. ಇಲ್ಲ ಫಾದರ್, ಪ್ರಾಣ ಅಂದೆ. ಅಳಲಿಲ್ಲ. ಕಟಿಂಗ್‌ನಲ್ಲೇ ತಪ್ಪಿದ ಪೀಸನ್ನು ಹೊಲಿದು ಸರಿ ಮಾಡುತ್ತೇನೆ ಅಂದವಳಲ್ಲ ನಾನು, ಈಗ ಅಂತೀನಾ?

ಬಸ್ಸಿನಲ್ಲಿ ಸೀಟಿರಲಿಲ್ಲ. ನಿಂತೇ ಬಂದೆ. ತಲೆ ಎತ್ತಿಕೊಂಡೇ ನಿಂತಿದ್ದೆ. ನಾಳೆ ವಿಭೂತಿ ಬುಧವಾರ, ಉಪವಾಸ.

ನವೆಂಬರ್ 16, ಭಾನುವಾರ

ತೀರ್ಪು ಬಂದಿದೆ. ಆ ಮದುವೆ ಮದುವೆಯೇ ಆಗಿರಲಿಲ್ಲ. ಫಾದರ್ ಹೇಳಿದರು, ನಿಮ್ಮ ಮಾತೇ ದೊಡ್ಡ ಆಧಾರ ಆಯಿತು ಜ್ಞಾನಮ್ಮ ಅಂತ. ಎಷ್ಟು ಹೆಮ್ಮೆ ಆಯಿತೆಂದರೆ ದಾರಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದೆ.

ಮನೆಗೆ ಬಂದು ಕಾಫಿಗೆ ಇಟ್ಟಾಗ ಹೊಳೆಯಿತು. ಮದುವೆಯೇ ಇರಲಿಲ್ಲ ಅಂದ ಮೇಲೆ ನಾನು ಅವಳ ಅತ್ತೆಯೂ ಆಗಿರಲಿಲ್ಲ. ಅವಳಿಗೆ ಜ್ವರ ಬಂದಾಗ ಗಂಜಿ ಕುಡಿಸಿದವಳು ಯಾರು ಹಾಗಾದರೆ?

ಸ್ಟ್ಯಾನ್ಲಿ ಫೋನ್ ಮಾಡುವುದಿಲ್ಲ. ನಾನೇ ಮಾಡಿದೆ. ಎತ್ತಲಿಲ್ಲ.

ಜನವರಿ 4, ಭಾನುವಾರ

ಪೂಜೆಯ ಕೊನೆಗೆ ಜಸಿಂತಾ ಮದುವೆಯ ಪ್ರಕಟಣೆ ಓದಿದರು. ಅಡ್ಡಿ ಏನಾದರೂ ಗೊತ್ತಿದ್ದವರು ತಿಳಿಸಬೇಕು ಅಂತ. ಅರ್ಧ ಚರ್ಚು ನನ್ನ ಕಡೆ ತಿರುಗಿತು. ಬೆನ್ನು ನೆಟ್ಟಗೆ ಮಾಡಿ ಕೂತೆ. ನೋಡಲಿ.

ಮಧ್ಯಾಹ್ನ ಅವಳೇ ಮನೆಗೆ ಬಂದಳು. ತಂದೆ ತಾಯಿ ಇಬ್ಬರೂ ಇಲ್ಲದ ಹುಡುಗಿ. ಪೀಠದವರೆಗೆ ಕೈ ಹಿಡಿದು ನೀವೇ ಕರೆದುಕೊಂಡು ಹೋಗಬೇಕು ಅತ್ತೆ ಅಂದಳು.

"ಅತ್ತೆ ಅನ್ಬೇಡ ಕಣೇ. ಸಾಕ್ಷಿ ಹೇಳಿ ನಾನೇ ಅದನ್ನ ಕಳ್ಕೊಂಡೆ."

"ಅಪ್ಪನ ಅಕ್ಕನಿಗೂ ಅತ್ತೆ ಅಂತಾನೇ ಅನ್ನೋದು. ಅದಾಗಿ."

ಅವಳ ಮುಂದೆ ಅಳಬಾರದು ಅಂತ ಒಲೆ ಕಡೆ ತಿರುಗಿದೆ. ಅತ್ತೆ.

ಜನವರಿ 28, ಬುಧವಾರ, ಬೆಳಿಗ್ಗೆ

ಇವತ್ತು ಜಸಿಂತಾ ಮದುವೆ. ಅಲಂಕಾರದ ಕೆಲಸಕ್ಕೆ ನಿನ್ನೆ ಚರ್ಚಿಗೆ ಹೋಗಿದ್ದೆ. ಪೀಠದ ಬಟ್ಟೆ ಹೊಸದು, ಅಂಚು ನಾನೇ ಹೊಲಿದದ್ದು.

ಈಗಷ್ಟೇ ಸ್ಟ್ಯಾನ್ಲಿ ಫೋನ್ ಮಾಡಿದ್ದ. ಇಷ್ಟು ತಿಂಗಳ ಮೇಲೆ. ಹೋಗ್ತೀಯಾ ಅಂದ. ಹೋಗ್ತೀನಿ ಅಂದೆ. ಆಮೇಲೆ, ಹಸಿರು ಸೀರೆ ಉಟ್ಕೋ ಅಮ್ಮ, ನಿಂಗೆ ಚೆನ್ನಾಗಿ ಕಾಣುತ್ತೆ ಅಂದ. ನನ್ನ ಮಗ. ಪೂರ್ತಿ ಕೆಟ್ಟಿಲ್ಲ.

ಹಸಿರೇ ಉಟ್ಟಿದ್ದೇನೆ. ಆಟೋ ಬಂದು ಹಾರ್ನ್ ಹೊಡೆಯುತ್ತಿದೆ. ಇವರೂ ಹೊರಟಿದ್ದಾರೆ, ಶೂ ಹುಡುಕುತ್ತಿದ್ದಾರೆ. ಗೇಟಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ನೀವು ಯಾವ ಕಡೆಯವರು ಅಂತ. ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ — ಹುಡುಗಿ ಕಡೆ. ಹುಡುಗಿಯ ಅತ್ತೆ ನಾನು, ಅವಳ ಅಪ್ಪನ —