ಎರಡು, ಹತ್ತು, ಏಳು

೨ ಆಗಸ್ಟ್ ೧೯೮೮, ಬೆಳಗ್ಗೆ
‘ಕರೆದ ದನಿಗೆ ಊರಿಲ್ಲ…’ ಮುಂದೆ? ‘ಹೆಸರಿಲ್ಲ’ ಎಂದಿತ್ತೋ, ‘ಉಸಿರಿಲ್ಲ’ ಎಂದೋ, ಆ ಪದ್ಯದ ಸಾಲು. ಎಂ.ಎ. ಓದುವಾಗ ನಿಜವೆನಿಸಿತ್ತು. ಈಗ ಸುಳ್ಳು. ಕರೆದ ದನಿಗೆ ಊರಿದೆ. ಅಣ್ಣಿಗೇರಿಯಲ್ಲಾದರೆ ಮೂರು ಅಂಕಿಯ ಫೋನ್ ನಂಬರೇ ಊರು. ಯಾವ ಮೂರು ಎಂದು ನನಗೆ ಗೊತ್ತಿಲ್ಲ, ಅಷ್ಟೆ.

ಚಹಾ ಇವತ್ತೂ ಇಬ್ಬರಿಗೆ ಇಟ್ಟೆ.

ಹೊಳೆಪ್ಪಣ್ಣ ತೀರಿಹೋಗಿ ಹನ್ನೆರಡು ದಿನ. ಕಾಲೇಜಿನಿಂದ ಬಂದಾಗ ನೆಲದ ಮೇಲಿದ್ದ. ರಿಸೀವರ್ ವೈರಿಗೆ ಜೋತಾಡುತ್ತಿತ್ತು. ಯಾರಿಗೆ ಮಾಡಿದ್ದ? ಕಾಲೇಜಿಗಂತೂ ಅಲ್ಲ — ಕ್ಲರ್ಕನ್ನು ಎರಡು ಸಲ ಕೇಳಿದೆ. ಹೇಗೆ ಮಾಡಿಯಾನು? ಹಿಂದಿನ ದಿನವೇ ನಾನು ರೇಗಿದ್ದೆ. “ಉಪ್ಪು ಎಲ್ಲೈತಿ, ಚಾವಿ ಎಲ್ಲೈತಿ ಅಂತ ಕಾಲೇಜಿಗೆ ಫೋನ್ ಹಚ್ಚಬ್ಯಾಡಣ್ಣ. ಮಂದಿ ನಗತಾರ.”

೪ ಆಗಸ್ಟ್
ಲೈನ್‌ಮನ್ ಕಾಸೀಮಸಾಬ ಬಂದಿದ್ದ.

“ಈ ಬಟನ್ ಫೋನಿನಾಗ ಒಂದು ಚಿಪ್ ಇರತೈತ್ರಿ ಅಕ್ಕೋರ, ಬ್ಯಾಳಿಯಷ್ಟು. ಕಡೀಗೆ ಒತ್ತಿದ ನಂಬರ್ ಒಂದನ್ನ ನೆಪ್ಪಿಡತೈತಿ. ರೀಡಯಲ್ ಒತ್ತಿದ್ರ ಅದಕ್ಕ ಹಚ್ಚತೈತಿ. ಬ್ಯಾರೆ ನಂಬರ್ ಒತ್ತಿದ್ರೋ, ಹಳೇದು ಹೋತು. ವೈರ್ ಕಿತ್ತರೂ ಹೋತು.”

ಅವತ್ತಿನಿಂದ ಈ ಫೋನಿನಲ್ಲಿ ಯಾರೂ ನಂಬರ್ ಒತ್ತಿಲ್ಲ. ಅಂದರೆ ಅಣ್ಣನ ಕೊನೆಯ ಕರೆ ಇನ್ನೂ ಒಳಗಿದೆ. ಬಟನ್ ಮೇಲೆ ಬೆರಳಿಟ್ಟೆ. ತೆಗೆದೆ. ಆ ಹೊತ್ತಿನಲ್ಲಿ ನನ್ನನ್ನು ಬಿಟ್ಟು ಬೇರೆ ಯಾರನ್ನೋ ಕರೆದಿದ್ದರೆ?

೫ ಆಗಸ್ಟ್, ಸಂಜೆ
ಪಕ್ಕದ ಮನೆಯ ಮೆಹರುನಬಿ. ಮಗಳು ಮರಿಯಮಬಿ ಗದಗಿನಲ್ಲಿ, ಗಂಡನ ಮನೆಯಲ್ಲಿ, ದಿನ ತುಂಬಿದ ಬಸುರಿ. ಅಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಬೇಕಂತೆ. ಎಕ್ಸ್‌ಚೇಂಜಿನ ನಂಬರ್ ಒತ್ತಿದರೆ ಅಣ್ಣನದು ಅಳಿಯುತ್ತದೆ. “ಫೋನ್ ಕೆಟ್ಟೈತಿ” ಎಂದೆ. ಅಷ್ಟರಲ್ಲೇ ಅದು ರಿಂಗಾಯಿತು.

“ಕೆಟ್ಟ ಫೋನ್ ಒದರತೈತಲ್ರೀ ಅಕ್ಕೋರ!”

“ಒಳಗ ಬರತೈತಿ. ಹೊರಗ ಹೋಗೂದಿಲ್ಲ.”

“ನಮ್ಮ ಅತ್ತೀದೂ ಹಂಗ ಬಿಡ್ರಿ. ಬಂದದ್ದೆಲ್ಲಾ ಒಳಗ, ಹೊರಗ ಒಂದು ಪೈಸಾ ಇಲ್ಲ!”

ನಕ್ಕಳು. ನಗು ಬಾಗಿಲ ತನಕವೂ ಉಳಿಯಲಿಲ್ಲ.

೧೦ ಆಗಸ್ಟ್, ಮಧ್ಯಾಹ್ನ
ಒತ್ತಿದೆ. ಒಳಗೆ ಟಕ್ ಟಕ್. ಸ್ವಲ್ಪ ಬಿಡುವು. ಮತ್ತೆ ಟಕ್ ಟಕ್. ಪಾಠದಲ್ಲಿ ಛಂದಸ್ಸಿನ ಮಾತ್ರೆ ಎಣಿಸಿ ರೂಢಿಯಾದ ಬೆರಳು, ತಾನೇ ಎಣಿಸಿತು. ಎರಡು. ಹತ್ತು. ಏಳು. ಆಮೇಲೆ ಎಂಗೇಜ್.

ಹತ್ತು ಎಂಬ ಬಟನ್ ಎಲ್ಲಿದೆ? ಒಂದು ತಾಸು ಬಿಟ್ಟು ಮತ್ತೆ — ಎಂಗೇಜ್. ಯಾರಿವರು, ಬಾಯಿ ಮುಚ್ಚದವರು?

೧೧ ಆಗಸ್ಟ್
ಬಸ್‌ಸ್ಟ್ಯಾಂಡ್ ಹತ್ತಿರ ಕಾಸೀಮಸಾಬ ಕಂಬದ ಮೇಲಿದ್ದ. ಕೆಳಗಿನಿಂದಲೇ ಕೇಳಿದೆ.

“ಸೊನ್ನಿಗೆ ಹತ್ತು ಬಡಿತ ಅಕ್ಕೋರ! ಎರಡ ನೂರಾ ಏಳು. ಅದು ನಿಮ್ಮ ಮನೀ ನಂಬರ್ ಅಲ್ಲೇನ್ರಿ? ತನಗ ತಾನ ಹಚ್ಚಿದ್ರ ಎಂಗೇಜ ಬರತೈತಿ!”

ಕಂಬ ಹಿಡಿದು ನಿಂತೆ.

ಏಪ್ರಿಲ್‌ನಲ್ಲಿ ರಿಟೈರ್ ಆಗುವ ತನಕ, ಹತ್ತಿ ದಲಾಲಿ ಅಂಗಡಿಯಿಂದ ದಿನಾ ಒಂದು ಗಂಟೆಗೆ, ನಾನು ಮನೆಗೆ ಬಂದಿರುವ ಹೊತ್ತಿಗೆ, ಅಣ್ಣ ತಿರುವುತ್ತಿದ್ದ ನಂಬರ್. “ಊಟಕ್ಕ ಹೊಂಟೆ ತಂಗಿ.” ನಾನಿರುವ ಇನ್ನೊಂದು ಜಾಗಕ್ಕೆ, ಕಾಲೇಜಿಗೆ, ಮಾಡಬೇಡವೆಂದು ನಾನೇ ಹೇಳಿದ್ದೆ. ಮಾತು ಮೀರಲಿಲ್ಲ. ಮನೆಯಲ್ಲಿ ಕೂತು ಮನೆಗೇ…

೧೨ ಆಗಸ್ಟ್, ಸಂಜೆ
ಮೆಹರುನಬಿಯನ್ನು ನಾನೇ ಕರೆದೆ. ಫೋನ್ ಸರಿಯಾಗಿದೆ ಎಂದೆ. ನಾನೇ ಒತ್ತಿದೆ. ಮೊದಲ ಅಂಕಿಗೇ ಅಣ್ಣ ಅಳಿದ.

ಅರ್ಧ ತಾಸಿಗೆ ಗದಗ ಸಿಕ್ಕಿತು. ಹೆಣ್ಣು ಕೂಸು. ಇಬ್ಬರೂ ಆರಾಮ. ಹುಟ್ಟಿ ಮೂರು ದಿನವಂತೆ. ಮೂರು ದಿನ ಆ ಸುದ್ದಿ ನನ್ನ ಸುಳ್ಳಿನಾಚೆ ಕಾದು ನಿಂತಿತ್ತು. ತಪ್ಪಾಯಿತು ಎಂದೆ. ಮೆಹರುನಬಿ ನನ್ನ ಕೈ ಹಿಡಿದಳು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

“ಅಕ್ಕೋರ, ಹೇಳಬೇಕೋ ಬ್ಯಾಡೋ… ಅವತ್ತ ಗ್ವಾಡಿ ಆಚೆ ಅಣ್ಣಾರ ದನಿ ಕೇಳಸ್ತಿತ್ತರಿ. ‘ಎತ್ತವಾ ತಂಗಿ, ಎತ್ತ’ ಅಂತಿದ್ರು. ನೀವು ಮನ್ಯಾಗ ಅದೀರಿ, ಜ್ವಾಳದ ಚೀಲ ಎತ್ತಾಕ ಕರಿಯಾಕತ್ತಾರ ಅಂತ ನಾ ಸುಮ್ಮನಾದ್ನಿರಿ…”