ಕಡಲು ಎಡಕ್ಕಿರಲಿ

ವಿಸ್ಮಾರ್
22 ಜೂನ್ 2025, ಭಾನುವಾರ ಬೆಳಿಗ್ಗೆ

ಮುದ್ದಿನ ಅಶ್ಲಿನ್,

ನೀನು ತಿಂಡಿಗೆ ಬ್ರೋಟ್‌ಶೆನ್ ಬನ್ನು ತರಲು ಬೇಕರಿಗೆ ಹೋಗಿದ್ದೀಯ. ಅಲ್ಲಿನ ಕ್ಯೂ ಬೀದಿಯ ತಿರುವಿನವರೆಗೂ ಬಂದಿರುವುದು ಈ ಗೆಸ್ಟ್‌ಹೌಸ್‌ನ ಕಿಟಕಿಯಿಂದ ಕಾಣುತ್ತಿದೆ. ನಿನ್ನ ಹಳದಿ ಜಾಕೆಟ್ ಹನ್ನೊಂದನೆಯದು. ಅಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಒಂದೇ ಕೋಣೆಯಲ್ಲಿ ಮಲಗಿ ಎದ್ದ ಮಗಳಿಗೆ ಪತ್ರ ಬರೆಯುವ ತಾಯಿಯನ್ನು ಏನೆನ್ನಬೇಕೋ ಗೊತ್ತಿಲ್ಲ. ಎದುರಿಗೆ ಹೇಳಲು ಧೈರ್ಯವಿಲ್ಲದವಳು ಎಂದುಕೋ.

ವಿಷಯ ಇಷ್ಟು. ನಿನ್ನೆ ಕಾರಿನಲ್ಲಿ ನೀನು ನನಗೆ ಏನೋ ಮುಖ್ಯವಾದದ್ದನ್ನು ಹೇಳಿದೆ. ಅದೇನೆಂದು ನನಗೆ ಗೊತ್ತಿಲ್ಲ. ನನ್ನ ಎಡಗಿವಿ ಹೋಗಿ ಒಂದೂವರೆ ವರ್ಷವಾಯಿತು.

ಬೈಯುವುದನ್ನೆಲ್ಲ ಬೈದು ಮುಂದೆ ಓದು. ಬಲಗಿವಿ ಇನ್ನೂ ಕೆಲಸ ಮಾಡುತ್ತದೆ. ಫೋನನ್ನು ಅದಕ್ಕೇ ಹಿಡಿಯುತ್ತಿದ್ದೆ, ಹಾಗಾಗಿ ನಿನಗೆ ತಿಳಿಯಲಿಲ್ಲ. ಊರಿನಲ್ಲಿ ಯಾರ ಕಾರಿನ ಮುಂದಿನ ಸೀಟಿನಲ್ಲಿ ಕೂತರೂ ಓಡಿಸುವವರು ನನ್ನ ಬಲಕ್ಕೆ ಇರುತ್ತಾರೆ, ಗುಟ್ಟು ಭದ್ರ. ಇಲ್ಲಿ ಎಲ್ಲ ತಿರುಗುಮುರುಗು. ಸ್ಟೇರಿಂಗ್ ಎಡಕ್ಕೆ, ನೀನು ಎಡಕ್ಕೆ, ಒಳ್ಳೆಯ ಕಿವಿಗೆ ಬರೀ ಕಿಟಕಿ. ಜರ್ಮನಿಗೆ ಹೊರಡುವ ಮುಂಚೆ ವೀಸಾ, ವಿಮೆ, ಸ್ವೆಟರ್ ಎಲ್ಲ ಯೋಚಿಸಿದ್ದೆ. ಇದೊಂದನ್ನು ಯೋಚಿಸಿರಲಿಲ್ಲ.

ಅಳಿಯ ಜೋಶುವಾನಿಗೆ ಆಫೀಸಿನ ಕೆಲಸ, ನಾವಿಬ್ಬರೇ ಕಡಲ ದಾರಿಯಲ್ಲಿ ಸುತ್ತಿ ಬರೋಣ ಎಂದು ನೀನು ಕರೆದಾಗ ನನಗೆ ಹಿಗ್ಗೋ ಹಿಗ್ಗು. ವಾರ್ನೆಮ್ಯುಂಡೆ ಬಿಟ್ಟ ಮೇಲೆ ಬಲಕ್ಕೆ ಉದ್ದಕ್ಕೂ ನೀರು. ನನ್ನ ತಲೆಯಲ್ಲಿ ಪ್ರಶ್ನೆಗಳದ್ದೇ ಸಂತೆ. ಈ ಬಾಲ್ಟಿಕ್ ಕಡಲಿಗೆ ಮೀನಿನ ವಾಸನೆಯೇ ಇಲ್ಲವಲ್ಲ, ಏಕೆ? ನೀನು ಕಾಫಿ ತರಲು ಹೋದಾಗ ಬೆರಳದ್ದಿ ನಾಲಗೆಗಿಟ್ಟೆ. ನಮ್ಮ ಮಲ್ಪೆಯ ನೀರಿನ ಅರ್ಧದಷ್ಟೂ ಉಪ್ಪಿಲ್ಲ. ಮರಳಿನ ಮೇಲೆ ಸಾಲಾಗಿ ಇಟ್ಟಿದ್ದ ಆ ಬೆತ್ತದ ಗೂಡುಕುರ್ಚಿಗಳು ದೊಡ್ಡವರ ತೊಟ್ಟಿಲಿನಂತಿದ್ದವು. ಅಷ್ಟು ದೂರದಿಂದ ಬಂದು, ಕಡಲಿಗೆ ಬೆನ್ನು ಹಾಕಿ ಬಿಸಿಲಿಗೆ ಮುಖ ಮಾಡಿ ಕೂರುತ್ತಾರಲ್ಲ ಈ ಜನ!

ಮತ್ತೆ ಕಾರು ಹತ್ತಿದ ಮೇಲೂ ಹೊರಗೇ ನೋಡುತ್ತಿದ್ದೆ. ಮರಗಳ ನೆರಳು ಬಂದಾಗ ಕಿಟಕಿಯ ಗಾಜಿನಲ್ಲಿ ನಿನ್ನ ತುಟಿ ಆಡುತ್ತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ಆಡುತ್ತಿತ್ತೋ. ತಿರುಗಿದರೆ ನೀನು ಉತ್ತರಕ್ಕೆ ಕಾಯುತ್ತಿದ್ದೆ. ಕಡಲಿನ ವಿಷಯ ಕೇಳಿರಬೇಕೆಂದು ನಾನು “ಭಾರೀ ಚೆಂದ, ಇದು ಮೊದಲೇ ಆಗ್ಬೇಕಿತ್ತು” ಅಂದುಬಿಟ್ಟೆ.

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ತಪ್ಪು ಉತ್ತರ ಕೇಳಿದ ಮುಖ ಹೇಗಿರುತ್ತದೆಂದು ಬಲ್ಲೆ. ನೀನು ಮುಂದಿನ ಪಾರ್ಕ್‌ಪ್ಲಾಟ್ಸಿನಲ್ಲಿ ಕಾರು ನಿಲ್ಲಿಸಿ ಸ್ಟೇರಿಂಗ್ ಹಿಡಿದೇ ಕೂತೆ. ವಿಸ್ಮಾರಿಗೆ ಇನ್ನೂ ಬೇಕಾದಷ್ಟು ದಾರಿಯಿತ್ತು. ಇನ್ನೊಮ್ಮೆ ಹೇಳು ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಆದರೂ ಅನ್ನಲಿಲ್ಲ. ನಾಚಿಕೆ, ಅಷ್ಟೇ. ರಾಮದಾಸ್ ಮಾಸ್ತರರ ಜತೆ ಜಗಳವಾಗಿ ಚರ್ಚಿನ ಗಾಯನ ಮಂಡಳಿ ಬಿಟ್ಟೆ ಎಂದು ನಿನಗೆ ಹೇಳಿದ್ದೂ ಸುಳ್ಳು. ನನ್ನ ಶ್ರುತಿ ಜಾರುತ್ತಿತ್ತು. ಆ ಪುಣ್ಯಾತ್ಮ ಒಂದು ಮಾತೂ ಅನ್ನಲಿಲ್ಲ, ನಮ್ಮ ಸಾಲಿನ ಕಡೆ ನೋಡುವುದನ್ನು ಬಿಟ್ಟರು. ಹಾಡುವವಳು ಕಿವಿ ಹೋಯಿತೆಂದು ಹೇಳಿಕೊಂಡು ತಿರುಗುವುದು ಸುಲಭವಲ್ಲ ಮಗಳೇ.

ಸಂಜೆ ನೀನು ನನ್ನನ್ನು ಇಲ್ಲಿನ ಐರಿಷ್ ಪಬ್ಬಿಗೆ ಕರೆದುಕೊಂಡು ಹೋದೆ. ಅಮ್ಮನಿಗೆ ಸಂಗೀತವೆಂದರೆ ಪ್ರಾಣ ಎಂದು ಬಾನ್‌ನ ನಿಮ್ಮ ಮನೆಯಿಂದಲೇ ಜಾಗ ಕಾದಿರಿಸಿದ್ದೆಯಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಈ ಕೋಣ ಕಣ್ಣನ್ನಾದರೂ ಬಿಟ್ಟುಕೊಂಡು ಕೂತಿತ್ತು. ಆ ಗದ್ದಲದಲ್ಲಿ ಬಲಗಿವಿಗೂ ಬರೀ ಗುಂಯ್. ಮೇಜಿನ ಮೇಲೆ ಅಂಗೈ ಇಟ್ಟೆ. ಆ ತಮಟೆಯಂಥ ವಾದ್ಯದ ಪೆಟ್ಟು ಕೈಗೆ ಬಂತು. ಎಂಥ ವಿಚಿತ್ರ ಜನ! ನಮಗೆ ಬೆನ್ನು ಹಾಕಿ, ದುಂಡಗೆ ಕೂತು, ತಮ್ಮತಮ್ಮಲ್ಲೇ ನುಡಿಸುತ್ತಾರೆ. ಎದುರಿಗೆ ಕಾಗದವಿಲ್ಲ, ಕೈಬೀಸಿ ನಡೆಸುವ ಮಾಸ್ತರರಿಲ್ಲ. ಆದರೂ ಆರು ಜನರೂ ಒಂದೇ ಸಲಕ್ಕೆ ಒಂದು ಧಾಟಿ ಬಿಟ್ಟು ಇನ್ನೊಂದು ಹಿಡಿಯುತ್ತಾರೆ. ಹೇಗೆ? ಅದನ್ನು ಕಂಡುಹಿಡಿಯದೆ ಏಳುವುದಿಲ್ಲ ಎಂದು ಪಟ್ಟು ಹಿಡಿದೆ. ನಾಲ್ಕನೆಯ ಸಲಕ್ಕೆ ಸಿಕ್ಕಿತು. ಪಿಟೀಲಿನ ಹೆಂಗಸು, ಆ ನರೆಗೂದಲ ಜಡೆಯವಳು, ಧಾಟಿ ಬದಲಿಸುವ ಮುಂಚೆ ಎಡಗಾಲಿನ ಬೂಟನ್ನು ತುಸು ಎತ್ತುತ್ತಾಳೆ. ಉಳಿದ ಐವರೂ ನುಡಿಸುತ್ತಲೇ ಆ ಬೂಟನ್ನು ಕಾಯುತ್ತಿರುತ್ತಾರೆ.

ಈಗ ಬದಲಾಗ್ತದೆ ನೋಡು ಎಂದು ನಿನ್ನ ತೋಳು ಮುಟ್ಟಿದೆ. ಬದಲಾಯಿತು. ಹೀಗೆ ಮೂರು ಸಲ ಹೇಳಿದೆ, ಮೂರು ಸಲವೂ ಸರಿಹೋಯಿತು. ನೀನು ನನ್ನ ಬಲಕ್ಕೆ ಬಗ್ಗಿ “ಅಮ್ಮ, ನಿಂಗೆ ಹೇಗೆ ಗೊತ್ತಾಗ್ತದೆ? ಈ ಟ್ಯೂನೆಲ್ಲ ಮೊದ್ಲೇ ಕೇಳಿದ್ದೀಯಾ?” ಎಂದು ಕೂಗಿ ನಕ್ಕೆ. ಇಡೀ ದಿನದಲ್ಲಿ ನೀನು ನಕ್ಕದ್ದು ಅದೊಂದೇ ಸಲ. ನಾನು ಹೂಂ ಎಂದೆ. ಅದೂ ಸುಳ್ಳು.

ಆಮೇಲೆ ನನಗೆ ಅಳು ಬಂತು. ಸಂಗೀತಕ್ಕೆ ಕರಗಿದೆನೆಂದು ನೀನು ಟಿಶ್ಯೂ ಕೊಟ್ಟೆ. ಅವರು ಒಬ್ಬಳ ಬೂಟನ್ನು ಅಷ್ಟು ನಿಗಾ ಇಟ್ಟು ನೋಡುತ್ತಾರೆ, ನಾನು ಪಕ್ಕದಲ್ಲಿದ್ದ ಮಗಳನ್ನು ಬಿಟ್ಟು ಕಡಲು ನೋಡಿದೆನಲ್ಲ ಎಂದು ಅಳು. ಅಲ್ಲಿಂದ ಏಳುವವರೆಗೆ ಅವರನ್ನು ಬಿಟ್ಟು ನಿನ್ನನ್ನೇ ನೋಡಿದೆ.

ಕಿವಿಯ ಡಾಕ್ಟರ ಅಪಾಯಿಂಟ್‌ಮೆಂಟ್, ನೀವು ಹೇಳುವ ಆ ಟೆರ್ಮಿನ್, ಹುಡುಕಲು ಈಗಲೇ ಫೋನ್ ತೆಗೆಯಬೇಡ, ಇವತ್ತು ಭಾನುವಾರ. ನಾಳೆಯಿಂದ ನೀನು ಕರೆದಲ್ಲಿಗೆ ಬರುತ್ತೇನೆ, ಮೆಷಿನ್ ಹಾಕಿಸಿದರೆ ಹಾಕಿಕೊಳ್ಳುತ್ತೇನೆ. ಇವತ್ತು ಕಾರು ಬೇಡ. ದಂಡೆಯಲ್ಲಿ ನಡೆಯೋಣ. ಕಡಲು ನನ್ನ ಎಡಕ್ಕಿರಲಿ, ನೀನು ಬಲಕ್ಕೆ ಬಾ. ನಿನ್ನೆ ಹೇಳಿದ್ದನ್ನು ಮೊದಲಿನಿಂದ ಹೇಳು. ನಾನು ಕೊಟ್ಟ ಉತ್ತರವನ್ನು ಅಳಿಸಿಬಿಡು.

ಹಳದಿ ಜಾಕೆಟ್ ಬೀದಿ ದಾಟುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ ಕಿವುಡಿ,
ಅಮ್ಮ

ತಾ.ಕ.: ಪಾರ್ಕ್‌ಪ್ಲಾಟ್ಸಿನಲ್ಲಿ ನೀನು ಮದುವೆಯ ಉಂಗುರ ತೆಗೆದು ನನ್ನ ಅಂಗೈಯಲ್ಲಿಟ್ಟೆ. ಬೆರಳು ಊದಿರಬೇಕೆಂದು ತಿಳಿದು ನಾನು “ಜೋಪಾನವಾಗಿ ಇಡ್ತೇನೆ” ಎಂದೆ. ಕನ್ನಡಕದ ಡಬ್ಬಿಯಲ್ಲಿದೆ. ಸಂಜೆ ಪಬ್ಬಿನಲ್ಲಿ, ಮೇಜಿನ ಮೇಲೆ ತಾಳ ಹಾಕುತ್ತಿದ್ದ ನಿನ್ನ ಬೆರಳು ನೋಡಿದೆ. ಊದಿರಲಿಲ್ಲ. ಜೋಶುವಾನ ಬಗ್ಗೆ ನೀನು ಹೇಳಿದ್ದು ಏನೇ ಇರಲಿ, ನಾನು ನಿನ್ನ ಕಡೆಗೇ. ಉಂಗುರ ವಾಪಸು ಕೊಡಬೇಕೋ, ಇಟ್ಟುಕೊಳ್ಳಬೇಕೋ, ಅದನ್ನೂ ಬಲಗಿವಿಗೇ ಹೇಳು.